ಪದ ಬೇಕು: ಲ್ಯಾಪ್‌ಟಾಪ್ 'ಓವರ್‌ಹೀಟ್' ಆಗುವುದಕ್ಕೆ, ಜೊತೆಗೆ ಇನ್ನೂ ಕೆಲವಕ್ಕೆ

ಗೆಳೆಯರೇ,

ಕಲಬುರಗಿ ಕಡೆಯ ಕೆಲವು ಶಿಕ್ಷಕರಿಗಾಗಿ ಎರಡು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಸಿಕ್ಕಾಪಟ್ಟೆ ಬಿಸಿಯಾಗದಂತೆ ನೋಡಿಕೊಳ್ಳುವುದು ಹೇಗೆ, ಹಾಗೆ ಬಿಸಿಯಾದರೆ ಏನು ಮಾಡಬೇಕು ಅನ್ನುವುದೇ ವಿಷಯ. ಮಾಹಿತಿ ಎಲ್ಲ ಇದೆ. ಪದಗಳ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಓವರ್‌ಹೀಟ್. 'ಅತಿತಾಪನ', 'ಅಧಿಕ ಉಷ್ಣೀಕರಣ' ಥರದವು ಬೇಡ, ಓದಿದವರಿಗೆ ಬಿಸಿಯೇ ತಟ್ಟುವುದಿಲ್ಲ. 'ಬಿಸಿಯಾಗುವುದು' ಸಾಕಲ್ವಾ ಅಂದರೆ ಅದೂ ಸಾಲದು. ಲ್ಯಾಪ್‌ಟಾಪ್ ಬಿಸಿಯಾಗುವುದು ಸಹಜ, ವಿಡಿಯೊ ಕಾಲ್ ಮಾಡುವಾಗ ಅಡಿಭಾಗ ಬಿಸಿಯಾದರೆ ಗಾಬರಿ ಬೇಡ ಅಂತ ಅದೇ ಕೈಪಿಡಿಯಲ್ಲಿ ಹೇಳಬೇಕು. ಹಾಗಾಗಿ ಸಹಜವಾದ ಬಿಸಿಗೆ ಒಂದು ಮಾತು, ಕೆಟ್ಟ ಬಿಸಿಗೆ ಇನ್ನೊಂದು ಮಾತು ಬೇಕು. ಮೊದಲಿನದಕ್ಕೆ 'ಬೆಚ್ಚಗಾಗು' ಅಂತ ಇಟ್ಟುಕೊಂಡಿದ್ದೇನೆ. ಎರಡನೆಯದಕ್ಕೆ ಥಟ್ಟನೆ ಹೊಳೆದದ್ದು 'ಕಾಯು'. ಹಂಚು ಕಾಯುತ್ತದೆ, ಎಣ್ಣೆ ಕಾಯುತ್ತದೆ, ಇದೂ ಕಾಯಲಿ ಬಿಡಿ ಅಂದುಕೊಂಡೆ. ಆದರೆ 'ನಿಮ್ಮ ಲ್ಯಾಪ್‌ಟಾಪ್ ಕಾಯುತ್ತಿದೆಯೇ?' ಅಂತ ಒಮ್ಮೆ ಓದಿ ನೋಡಿ. ಯಾರಿಗೋಸ್ಕರ? ತೆರೆಯ ಮೇಲೆ ಬೇರೆ 'ದಯವಿಟ್ಟು ಕಾಯಿರಿ' ಅಂತ ಬರುತ್ತಿರುತ್ತದೆ! 'ಬಿಸಿಲಲ್ಲಿಟ್ಟು ಕಾಯಿಸಬೇಡಿ' ಅಂದರೂ ಅದೇ ಗೋಳು.

'ಸುಡುತ್ತಿದೆ' ಅನ್ನುವುದು ಜನರ ಬಾಯಲ್ಲಿ ಇರುವ ಮಾತು. ಆದರೆ ಕಾಲ ಬದಲಾದರೆ ಕಥೆಯೂ ಬದಲಾಗುತ್ತದೆ. 'ಸುಡುತ್ತಿದೆ' ಅಂದರೆ ಮುಟ್ಟೋಕಾಗಲ್ಲ ಅಂತ, 'ಸುಟ್ಟಿದೆ' ಅಂದರೆ ರಿಪೇರಿಯವರು ಬೋರ್ಡೇ ಹೋಯಿತು ಅಂದುಕೊಳ್ಳುತ್ತಾರೆ. 'ಕಾವೇರಿದೆ' ಅನ್ನೋಣ ಅಂದರೆ ಅದನ್ನು ಪತ್ರಿಕೆಯವರು ಚುನಾವಣೆಗೆ ಬರೆದುಕೊಟ್ಟುಬಿಟ್ಟಿದ್ದಾರೆ.

ಸದ್ಯಕ್ಕೆ ನನ್ನ ಒಲವು 'ಮಿತಿಮೀರಿ ಕಾದಿದೆ' ಅನ್ನುವ ಕಡೆ. ಸ್ವಲ್ಪ ಉದ್ದ, ನಿಜ. ಆದರೆ ಇಲ್ಲಿ ಮಿತಿ ಅನ್ನುವುದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗೆರೆ ಹಾಕಿರುತ್ತಾರೆ. ಹೊರಗಿನ ಗಾಳಿಗೂ ಮಿತಿ ಇದೆ, ಆಪಲ್‌ನವರು ತಮ್ಮ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಇರುವ ಕಡೆ ಬಳಸಿ ಅನ್ನುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ 40 ದಾಟುವುದು ಹೊಸದೇನಲ್ಲ, ಅಂದರೆ ಅಲ್ಲಿ ಲ್ಯಾಪ್‌ಟಾಪ್ ಆನ್ ಮಾಡುವ ಮೊದಲೇ ಮಿತಿ ಮೀರಿರುತ್ತದೆ. ಅಂಥ ದಿನ ಭಾರದ ಕೆಲಸ ಬೆಳಗ್ಗೆಯೇ ಮುಗಿಸಿ ಅಂತ ಬರೆದಿದ್ದೇನೆ, ಇದಕ್ಕಿಂತ ಬೇರೆ ದಾರಿ ಕಾಣಲಿಲ್ಲ.

ಇನ್ನು 'ಥ್ರಾಟಲ್'. ಆ ಗೆರೆಯ ಹತ್ತಿರ ಬಂದ ಕೂಡಲೇ ಪ್ರೊಸೆಸರ್ ತನ್ನ ವೇಗ ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಅದಕ್ಕೂ ಜಗ್ಗದಿದ್ದರೆ ಮಷಿನ್ ಪಕ್ಕನೆ ಆಫ್ ಆಗುತ್ತದೆ. ನಿಘಂಟು ನೋಡಿದರೆ ಥ್ರಾಟಲ್‌ಗೆ ಕತ್ತು ಹಿಸುಕು ಅಂತಲೂ ಇದೆ. ದಯವಿಟ್ಟು ಬೇಡ, ಇಲ್ಲಿ ಯಾರೂ ಯಾರ ಕತ್ತನ್ನೂ ಹಿಸುಕುತ್ತಿಲ್ಲ, ಅದು ತನ್ನನ್ನು ಉಳಿಸಿಕೊಳ್ಳುವ ಉಪಾಯ. ನನಗೆ 'ವೇಗ ಇಳಿಸಿಕೊಳ್ಳುತ್ತದೆ' ಚೆನ್ನಾಗಿ ಕಂಡಿತು. 'ಇಳಿಸು' ಅಂದರೆ ಬೇರೆ ಯಾರೋ ಇಳಿಸಿದ ಹಾಗೆ, 'ಕೊಳ್ಳು' ಸೇರಿದ ತಕ್ಷಣ ತಾನೇ ತನಗಾಗಿ ಮಾಡಿಕೊಂಡದ್ದು ಅಂತ ಆಗಿಬಿಡುತ್ತದೆ. ಬಳಸುವವರು ಇದನ್ನೆಲ್ಲ 'ಹ್ಯಾಂಗ್ ಆಗ್ತಿದೆ' ಅಂತ ಒಂದೇ ಮಾತಲ್ಲಿ ಹೇಳುತ್ತಾರೆ. ಹಾಗಾಗಿ 'ಹ್ಯಾಂಗ್ ಆದರೆ ಮೊದಲು ಅಡಿಭಾಗ ಮುಟ್ಟಿ ನೋಡಿ' ಅಂತ ಒಂದು ಸಾಲು ಸೇರಿಸಿದ್ದೇನೆ. ಥ್ರಾಟಲ್‌ಗೆ ನಾಮಪದವೇ ಬೇಕು ಅನ್ನುವವರು ಇದ್ದರೆ ಹೇಳಿ, ನನಗೆ ಕ್ರಿಯಾಪದವೇ ಸಾಕು.

ವೆಂಟ್‌ಗೆ 'ಗಾಳಿಕಿಂಡಿ', ಇದರಲ್ಲಿ ಜಗಳ ಇಲ್ಲ ಅಂದುಕೊಂಡಿದ್ದೇನೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಗಾಳಿ ಅಡಿಯಿಂದ ಒಳಗೆ ಹೋಗಿ ಪಕ್ಕದಿಂದಲೋ ಹಿಂದಿನಿಂದಲೋ ಬಿಸಿಯಾಗಿ ಹೊರಬರುತ್ತದೆ. ಕೌದಿಯ ಮೇಲೆ, ದಿಂಬಿನ ಮೇಲೆ ಇಟ್ಟರೆ ಅಡಿಯ ಕಿಂಡಿ ಮುಚ್ಚಿಹೋಗುತ್ತದೆ. ಹಲಗೆಯ ಮೇಲಿಡಿ, ಹಿಂದೆ ಒಂದಿಷ್ಟು ಎತ್ತರಿಸಿ, ಅಷ್ಟೇ. ಹೊರಬರುವ ಗಾಳಿಗೆ 'ಝಳ' ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ: 'ಕಿಂಡಿಯಿಂದ ಝಳ ಬರುತ್ತಿದ್ದರೆ ಫ್ಯಾನು ತನ್ನ ಕೆಲಸ ಮಾಡುತ್ತಿದೆ. ಫ್ಯಾನು ಭರ್ರೋ ಅನ್ನುತ್ತಿದ್ದು, ಅಡಿ ಸುಡುತ್ತಿದ್ದು, ಝಳ ಮಾತ್ರ ಇಲ್ಲದಿದ್ದರೆ ಒಳಗೆ ಕಟ್ಟಿಕೊಂಡಿರಬಹುದು.'

ಏನು ಕಟ್ಟಿಕೊಂಡಿದೆ ಅನ್ನುವುದೇ ಮುಂದಿನ ಪ್ರಶ್ನೆ. ಫ್ಯಾನಿನ ಮುಂದೆ ಬಾಚಣಿಗೆಯ ಹಲ್ಲಿನಂಥ ತೆಳು ತಗಡುಗಳ ಸಾಲು ಇರುತ್ತದೆ. ಅದಕ್ಕೆ ಧೂಳು, ಕೂದಲು, ಬಟ್ಟೆಯ ಎಳೆ ಎಲ್ಲ ಸೇರಿ ಕಂಬಳಿಯಂತೆ ಅಂಟಿಕೊಂಡು ಗಾಳಿ ಆಡದಂತೆ ಮಾಡುತ್ತದೆ. 'ಧೂಳು' ಅಂದರೆ ಊದಿದರೆ ಹಾರುವಂಥದ್ದು ಅನ್ನಿಸುತ್ತದೆ, ಇದು ಹಾಗೆ ಹಾರುವುದಿಲ್ಲ. ಹಳೇ ಅಡುಗೆಮನೆಯ ಜಂತೆಗೆ ಹೊಗೆ, ಧೂಳು, ಜೇಡರಬಲೆ ಸೇರಿ ನೇತಾಡುವುದಕ್ಕೆ 'ಇಲ್ಲಣ' ಅನ್ನುತ್ತೇವಲ್ಲ, ಅದನ್ನು ಇಲ್ಲಿಗೆ ಎಳೆದು ತರಬಹುದೇ? ಬಿಡಿಸುವ ಕ್ರಮ ಬರೆಯುವುದು ಸುಲಭ. ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಲೋವರ್‌ನಿಂದ ಬಿಟ್ಟು ಬಿಟ್ಟು ಊದಬೇಕು. ಫ್ಯಾನು ಗಿರ್ರನೆ ತಿರುಗದಂತೆ ಒಂದು ಕಡ್ಡಿ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳಾಗಬಹುದು. ಪದ ಮಾತ್ರ ಸುಲಭ ಇಲ್ಲ.

'ಥರ್ಮಲ್ ಪೇಸ್ಟ್'ಗೆ ನಾನು ಕೈ ಹಾಕುವುದಿಲ್ಲ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹೋಗಿ 'ಉಷ್ಣವಾಹಕ ಲೇಪ' ಕೊಡಿ ಅಂದರೆ ಆಯುರ್ವೇದದ ಅಂಗಡಿ ತೋರಿಸಿಯಾರು. 'ಪೇಸ್ಟ್' ಅಂದರೆ ಎಲ್ಲರಿಗೂ ಗೊತ್ತು. ಪ್ರೊಸೆಸರ್ ಚಿಪ್‌ಗೂ ಅದರ ಮೇಲೆ ಕೂರುವ ಲೋಹಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅಲ್ಲಿ ಗಾಳಿ ಉಳಿದರೆ ಬಿಸಿ ದಾಟುವುದಿಲ್ಲ, ಅದಕ್ಕೇ ಪೇಸ್ಟ್ ತುಂಬುವುದು. ವರ್ಷಗಳಾದ ಮೇಲೆ ಅದು 'ಒಣಗುತ್ತದೆ', ಈ ಕ್ರಿಯಾಪದ ಸರಿಯಾಗಿಯೇ ಇದೆ. ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸುವ ಆ ಲೋಹದ ಭಾಗಕ್ಕೆ, ಅಂದರೆ ಹೀಟ್ ಸಿಂಕ್‌ಗೆ, 'ಶಾಖ ಹೀರುಗ' ಅನ್ನುವ ಸಲಹೆ ಬಂತು. ಕೇಳಲು ಚೆಂದ, ಆದರೆ ಅದು ಹೀರಿ ಇಟ್ಟುಕೊಳ್ಳುವುದಿಲ್ಲ, ಗಾಳಿಗೆ ದಾಟಿಸುತ್ತದೆ. ಯೋಚಿಸಿ ಹೇಳಿ.

ಕೊನೆಯದು ಬ್ಯಾಟರಿ, ಇದರಲ್ಲಿ ಪದ ತಪ್ಪಿದರೆ ಅಪಾಯ. ಹೆಚ್ಚು ಬಿಸಿಯಲ್ಲೇ ದುಡಿದ ಲಿಥಿಯಂ ಬ್ಯಾಟರಿಯ ಒಳಗೆ ಗ್ಯಾಸ್ ತುಂಬಿಕೊಂಡು ಅದು ದಪ್ಪಗಾಗಬಹುದು. ಆಗ ಟಚ್‌ಪ್ಯಾಡ್ ಮೇಲೇಳುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಕಂಡ ಕೂಡಲೇ ಬಳಸುವುದು, ಚಾರ್ಜ್ ಮಾಡುವುದು ಎರಡನ್ನೂ ನಿಲ್ಲಿಸಬೇಕು. ಒತ್ತುವುದು, ಚುಚ್ಚುವುದು ಮಾಡಲೇಬಾರದು. 'ಉಬ್ಬಿದೆ', 'ಊದಿಕೊಂಡಿದೆ', 'ಬಾತಿದೆ', ಈ ಮೂರರಲ್ಲಿ ಯಾವುದು? 'ಬಾತಿದೆ' ಅಂದರೆ ಮೈಗೆ ಆಗುವ ಬಾವು ನೆನಪಾಗುತ್ತದೆ, ಎರಡು ದಿನ ಬಿಟ್ಟರೆ ತಾನೇ ಇಳಿಯುತ್ತದೆ ಅಂದುಕೊಂಡುಬಿಡಬಹುದು. ಇದು ಇಳಿಯುವುದಿಲ್ಲ. ನನಗೆ 'ಉಬ್ಬಿದೆ' ಸರಿ ಅನ್ನಿಸುತ್ತದೆ. ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಯಾರಾದರೂ ಇದ್ದರೆ ನಿಮ್ಮಲ್ಲಿ ಏನಂತೀರಿ ಅಂತ ತಿಳಿಸಿ, ಓದುವವರು ಅವರೇ. 'ಇಲ್ಲಣ' ಆ ಕಡೆ ಚಾಲ್ತಿಯಲ್ಲಿದೆಯೋ ಇಲ್ಲವೋ ಅದನ್ನೂ ಹೇಳಿ.