ಮಾಸ್ಕ್ ಬೇಕಾ ಬೇಡ್ವಾ? ನಮ್ಮನೆ ಜಗಳ ಇನ್ನೂ ಮುಗಿದಿಲ್ಲ, ಯಾರಾದ್ರೂ ಬಿಡಿಸಿ ಹೇಳಿ

ಕನ್ನಡಕದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಹಳೇದು. ಕೋವಿಡ್ ಸುದ್ದಿ ಮತ್ತೆ ಯಾಕೆ ತೆಗೆದಳು ಅಂತ ಬೈಕೊಳ್ಳಬೇಡಿ.

ನಮ್ಮ ಅತ್ತೆಗೆ ಶ್ವಾಸಕೋಶದ ತೊಂದರೆ ಇದೆ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ನನ್ನ ಎದೆ ಝಲ್ ಅನ್ನುತ್ತದೆ. ಈಗ ಮಗ ಎಲ್ಲಿಂದಲೋ ನೆಗಡಿ ಜ್ವರ ಅಂಟಿಸಿಕೊಂಡು ಬಂದಿದ್ದಾನೆ. "ಅಜ್ಜಿ ರೂಮಿಗೆ ಹೋಗೋದಾದ್ರೆ ಮಾಸ್ಕ್ ಹಾಕ್ಕೊಂಡು ಹೋಗು" ಅಂದೆ. ಅಷ್ಟಕ್ಕೇ ನಮ್ಮ ಯಜಮಾನರು ಶುರು ಮಾಡಿದರು. "ಮಾಸ್ಕ್‌ನಿಂದ ಏನೂ ಉಪಯೋಗ ಇಲ್ಲ ಅಂತ ದೊಡ್ಡ ಸಂಶೋಧನೆಯಲ್ಲೇ ಬಂದಾಯ್ತು. ನೀನಿನ್ನೂ 2020ರಲ್ಲೇ ಇದ್ದೀಯ" ಅಂತ.

ಎದುರು ವಾದಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಎಲ್ಲರೂ ನೋಡಿದ್ದೇವಲ್ಲ. ಮೊದಲು ಆರೋಗ್ಯ ಸಂಸ್ಥೆಗಳವರು "ಹುಷಾರಾಗಿರೋರಿಗೆ ಮಾಸ್ಕ್ ಬೇಡ" ಅಂದರು. ಆಮೇಲೆ "ಬಟ್ಟೆಯದ್ದಾದರೂ ಸರಿ, ಹಾಕಲೇಬೇಕು" ಅಂದರು. ಆಮೇಲೆ ಒಂದರ ಮೇಲೊಂದು ಎರಡು ಹಾಕಿ ಅಂದರು. ಲಸಿಕೆ ಆದವರು ತೆಗೀಬಹುದು ಅಂದವರೇ ಎರಡೂವರೆ ತಿಂಗಳಿಗೆ ಮತ್ತೆ ಹಾಕಿ ಅಂದರು. ಕೊನೆಗೆ ಬಟ್ಟೆ ಮಾಸ್ಕ್ ಅಷ್ಟಕ್ಕಷ್ಟೇ ಅಂತ ಅವರೇ ಹೇಳಿದರು. ಮಕ್ಕಳ ವಿಷಯದಲ್ಲೂ ಅಷ್ಟೇ. ಅಮೆರಿಕದ ಸಿಡಿಸಿ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) 2 ವರ್ಷದಿಂದ ಹಾಕಿ ಅಂತು, ವಿಶ್ವ ಆರೋಗ್ಯ ಸಂಸ್ಥೆ 5 ವರ್ಷದವರೆಗೆ ಬೇಡ ಅಂತು. ಯಾರ ಮಾತು ಕೇಳೋದು?

ಇದು ಗೊತ್ತಿದ್ದವರು ಹೇಳಿ. ಅವರು ಆಗ ಮಾತು ಬದಲಿಸಿದ್ದು ಯಾಕೆ, ಸುಳ್ಳು ಹೇಳಿದ್ರಾ? ಮಾಸ್ಕ್‌ನ ತೂತಿಗಿಂತ ವೈರಸ್ ಸಣ್ಣದು ಅಂತಾರಲ್ಲ, ಹಾಗಿದ್ರೆ ತಡೆಯೋದು ಹೇಗೆ? ಮತ್ತೆ ಆ ದೊಡ್ಡ ಸಂಶೋಧನೆ ಏನು ಹೇಳಿದೆ? ಇನ್ನೊಂದು ಸಣ್ಣ ತಕರಾರು: ಮಾಸ್ಕ್ ಹಾಕಿದ ತಕ್ಷಣ ನನ್ನ ಕನ್ನಡಕಕ್ಕೆ ಮಂಜು ಹಿಡಿಯುತ್ತೆ. ಅದಕ್ಕೂ ಉಪಾಯ ಇದ್ದರೆ ಹೇಳಿ.

ಧೂಳಿನ ಮನುಷ್ಯ

ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು.

ನಾನು ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವವನು. ಕೋವಿಡ್‌ಗಿಂತ ಎಷ್ಟೋ ಮೊದಲಿಂದ ಧೂಳಿನ ನಡುವೆ ಕೆಲಸ ಮಾಡುವವರಿಗೆ ಎನ್95 ಹಾಕಿಸೋದು ನನ್ನ ಕೆಲಸ. ಕನ್ನಡಕಕ್ಕೆ ಮಂಜು ಹಿಡಿದರೆ ನಿಮ್ಮ ಉಸಿರು ಮೂಗಿನ ಪಕ್ಕದ ಸಂದಿಯಿಂದ ಮೇಲೆ ಹೋಗ್ತಿದೆ ಅಂತ ಅರ್ಥ. ಹೊರಗೆ ಹೋಗೋ ದಾರಿಯಲ್ಲೇ ಒಳಗೂ ಬರುತ್ತೆ. ಮೇಲಿನ ಅಂಚಲ್ಲಿರುವ ತಂತಿಯನ್ನು ಎರಡೂ ಕೈಯ ಬೆರಳಿಂದ ಮೂಗಿನ ಆಕಾರಕ್ಕೆ ಒತ್ತಿ. ಜನ ಒಂದೇ ಕೈಯಲ್ಲಿ ಚಿವುಟಿಬಿಡ್ತಾರೆ, ಆಗ ಮಧ್ಯದಲ್ಲಿ ಮಡಿಕೆ ಬಿದ್ದು ಸಂದಿ ಹಾಗೇ ಉಳಿಯುತ್ತೆ.

ನಮ್ಮಲ್ಲಿ ಒಂದು ಪರೀಕ್ಷೆ ಮಾಡ್ತೀವಿ. ಎನ್95 ಹಾಕಿದವನ ತಲೆ ಮೇಲೆ ಚೀಲದಂಥದ್ದು ಇಳಿಸಿ, ಅದರೊಳಗೆ ಕಹಿ ದ್ರಾವಣವನ್ನು ಸಣ್ಣಗೆ ಸಿಂಪಡಿಸ್ತೀವಿ. ತಲೆ ಆ ಕಡೆ ಈ ಕಡೆ ತಿರುಗಿಸು, ಬಗ್ಗು, ಜೋರಾಗಿ ಏನಾದರೂ ಓದು ಅಂತೀವಿ. ಬಾಯಿಗೆ ಕಹಿ ಬಂದರೆ ಫೇಲ್. ಗಡ್ಡ ಬಿಟ್ಟವರು ಸಿಂಪಡಿಸಿದ ತಕ್ಷಣ ಮುಖ ಹಿಂಡ್ತಾರೆ. ಅದೇ ಮಾಸ್ಕ್, ಅದೇ ಕಂಪನಿ, ಗಡ್ಡ ಬೋಳಿಸಿಕೊಂಡು ಬಂದರೆ ಪಾಸ್. ಯಾವ ಬಟ್ಟೆ, ಎಷ್ಟು ಪದರ ಅಂತ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ ಆಯ್ತು. ಕೆನ್ನೆ ಪಕ್ಕದ ಸಂದಿ ಬಗ್ಗೆ ಮಾತಾಡಿದವರು ಕಮ್ಮಿ.

ಇನ್ನು ತೂತಿನ ವಿಷಯ. ಮಾಸ್ಕ್ ಅಂದರೆ ಜರಡಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದೇ ತಪ್ಪು. ಒಳಗಿರೋದು ಅಡ್ಡಾದಿಡ್ಡಿ ಬಿದ್ದ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಎಳೆಗಳು. ದೊಡ್ಡ ಕಣಕ್ಕೆ ಗಾಳಿ ಜೊತೆ ತಿರುಗೋಕೆ ಆಗಲ್ಲ, ನೇರವಾಗಿ ಎಳೆಗೆ ಬಡಿಯುತ್ತೆ. ತೀರಾ ಸಣ್ಣ ಕಣ ನೆಟ್ಟಗೆ ಹೋಗೋದೇ ಇಲ್ಲ, ತೂರಾಡ್ತಾ ಹೋಗಿ ಎಲ್ಲೋ ಒಂದು ಎಳೆಗೆ ಅಂಟಿಕೊಳ್ಳುತ್ತೆ. ಹಿಡಿಯೋಕೆ ಕಷ್ಟ ಆಗೋದು ಇವೆರಡರ ಮಧ್ಯದ್ದು, ಸುಮಾರು 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಅದಕ್ಕೇ ಎನ್95 ಪರೀಕ್ಷೆಯನ್ನು ಆ ಗಾತ್ರದ ಕಣಗಳಲ್ಲೇ ಮಾಡೋದು. ಕನಿಷ್ಠ 95% ತಡೆಯಬೇಕು. ಇದರ ಜೊತೆಗೆ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರ್ತಾರೆ, ಕಣಗಳನ್ನು ಅದು ಸೆಳೆದುಕೊಳ್ಳುತ್ತೆ. ಸೋಪು ನೀರಲ್ಲಿ ಒಗೆದರೆ, ಸ್ಯಾನಿಟೈಸರ್ ಹೊಡೆದರೆ ಆ ಶಕ್ತಿ ಹೋಯ್ತು. ನೋಡೋಕೆ ಮಾತ್ರ ಹೊಸದರ ಹಾಗೇ ಇರುತ್ತೆ. ಅಷ್ಟಕ್ಕೂ ವೈರಸ್ ಒಂಟಿಯಾಗಿ ಹಾರಾಡಲ್ಲ, ಬಾಯಿಂದ ಬರುವ ಹನಿಯೊಳಗೆ ಕೂತು ಬರುತ್ತೆ.

ತಕರಾರು ತಿಮ್ಮ

ಎಲ್ಲಾ ಸರಿ ಸ್ವಾಮಿ, ಸುಳ್ಳು ಹೇಳಿದ್ರಾ ಇಲ್ವಾ ಅನ್ನೋದಕ್ಕೆ ಉತ್ತರ ಎಲ್ಲಿ? 2020ರ ಫೆಬ್ರವರಿ 29ಕ್ಕೆ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪರವಾಗಿ ಜನರಿಗೆ ಆರೋಗ್ಯ ಸಲಹೆ ಕೊಡುವ ವೈದ್ಯ, ಜೆರೋಮ್ ಆಡಮ್ಸ್ ಟ್ವೀಟ್ ಮಾಡಿದ್ದರು. ಮಾಸ್ಕ್ ಕೊಳ್ಳೋದು ನಿಲ್ಲಿಸಿ, ಸಾಮಾನ್ಯ ಜನರಿಗೆ ಸೋಂಕು ತಗುಲದ ಹಾಗೆ ಅದು ತಡೆಯಲ್ಲ, ಆದರೆ ಆಸ್ಪತ್ರೆಯವರಿಗೆ ಸಿಗದಿದ್ದರೆ ಎಲ್ಲರಿಗೂ ಅಪಾಯ ಅಂತ. ಒಂದೇ ಉಸಿರಲ್ಲಿ ಎರಡೂ! ನನ್ನ ಮೂಗಿಗೆ ಕೆಲಸ ಮಾಡದ್ದು ಡಾಕ್ಟರ್ ಮೂಗಿಗೆ ಹೇಗೆ ಮಾಡುತ್ತೆ? ಏಪ್ರಿಲ್ 3ಕ್ಕೆ ಅದೇ ದೇಶದ ಸಿಡಿಸಿ ಎಲ್ಲರೂ ಬಟ್ಟೆ ಕಟ್ಟಿಕೊಳ್ಳಿ ಅಂತು. ಜನ ನಂಬೋದು ಬಿಟ್ಟಿದ್ದರಲ್ಲಿ ಏನು ತಪ್ಪು?

ಅಷ್ಟು ಹೊತ್ತು ಮೂತಿ ಮುಚ್ಚಿಕೊಂಡಿದ್ದರೆ ಆಮ್ಲಜನಕವೂ ಕಮ್ಮಿ ಆಗುತ್ತೆ, ಬಿಟ್ಟ ಗಾಳಿಯೇ ವಾಪಸ್ ಬರುತ್ತೆ. ಅದನ್ನೂ ಯಾರೂ ಹೇಳಲ್ಲ.

ವಾರ್ಡ್ ಡ್ಯೂಟಿ

ತಿಮ್ಮ ಅವರೇ, ನಿಮ್ಮ ಎರಡನೇ ಮಾತು ಒಪ್ಪಲ್ಲ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡೂ ಎಳೆಗಳ ಮಧ್ಯೆ ಆರಾಮಾಗಿ ಓಡಾಡ್ತವೆ. ಗಂಟೆಗಟ್ಟಲೆ ಆಪರೇಷನ್ ಮಾಡುವ ಸರ್ಜನ್‌ಗಳು ಕುಸಿದು ಬೀಳ್ತಾರಾ? ಬಿಸಿ ಆಗುತ್ತೆ, ಬೆವರುತ್ತೆ, ಕಿವಿ ಹಿಂದೆ ಉರಿಯುತ್ತೆ, ನಿಜ. ಅದು ಹಿಂಸೆಯೇ ಹೊರತು ಅಪಾಯ ಅಲ್ಲ. ಮೊದಲೇ ಉಸಿರಾಟದ ಕಾಯಿಲೆ ಇರುವವರ ವಿಷಯ ಮಾತ್ರ ಬೇರೆ.

ಮೊದಲನೇ ಮಾತಿಗೆ ನನ್ನದೂ ಸಹಿ ಇದೆ. ನಾನು ನರ್ಸ್. ಆಗ ನಾನಿದ್ದ ಆಸ್ಪತ್ರೆಯಲ್ಲಿ ಎನ್95 ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು. ಸಹಿ ಹಾಕಿ ತೆಗೆದುಕೊಳ್ಳಬೇಕಿತ್ತು. ಹೆಸರು ಬರೆದ ಕಾಗದದ ಚೀಲದಲ್ಲಿ ಹಾಕಿಟ್ಟು, ಒಂದನ್ನೇ ಮತ್ತೆ ಮತ್ತೆ ಹಾಕಿದ್ದೇವೆ. ಪಟ್ಟಿಯ ಎಲಾಸ್ಟಿಕ್ ಸಡಿಲಾಗಿ ಜಾರೋದು, ಅದಕ್ಕೆ ಗಂಟು ಹಾಕಿಕೊಂಡು ವಾರ್ಡಿಗೆ ಹೋಗ್ತಿದ್ದೆವು. ಕೊರತೆ ಅನ್ನೋದು ಕಟ್ಟುಕಥೆ ಆಗಿರಲಿಲ್ಲ.

ಅದನ್ನೇ ನೇರವಾಗಿ ಹೇಳಬಹುದಿತ್ತು ಅನ್ನೋದೇ ನನ್ನ ಸಿಟ್ಟು. "ಮಾಸ್ಕ್ ಸಾಲ್ತಾ ಇಲ್ಲ, ರೋಗಿಗಳ ಪಕ್ಕ ನಿಲ್ಲುವವರಿಗೆ ಮೊದಲು ಬಿಡಿ, ನೀವು ಸದ್ಯಕ್ಕೆ ಬಟ್ಟೆಯಲ್ಲಿ ಸುಧಾರಿಸಿಕೊಳ್ಳಿ" ಅಂದಿದ್ದರೆ ಜನ ಖಂಡಿತ ಕೇಳ್ತಿದ್ದರು. ಅದರ ಬದಲು "ನಿಮಗೆ ಉಪಯೋಗ ಇಲ್ಲ" ಅಂದರು. ಆ ಒಂದು ಮಾತಿನ ಸಾಲವನ್ನು ಆಮೇಲೆ ನಾವು ವಾರ್ಡಿನಲ್ಲಿ ತೀರಿಸಿದ್ದು. ಮಾಸ್ಕ್ ಹಾಕ್ಕೊಳ್ಳಿ ಅಂದರೆ "ನಿಮ್ಮವರೇ ಬೇಡ ಅಂದಿದ್ರಲ್ಲ" ಅಂತ ರೋಗಿಯ ಕಡೆಯವರು ನಮ್ಮ ಮೇಲೇ ಹರಿಹಾಯ್ತಿದ್ದರು.

ಆದರೆ ಮಾತು ಬದಲಾದದ್ದೆಲ್ಲ ಸುಳ್ಳಿನಿಂದ ಅಲ್ಲ. ಜ್ವರ, ಕೆಮ್ಮು ಶುರುವಾಗುವ ಮೊದಲೇ ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಅನ್ನೋದು ಮೊದಮೊದಲು ಇಷ್ಟು ಸ್ಪಷ್ಟವಾಗಿರಲಿಲ್ಲ. ಅದು ಖಚಿತ ಆದ ಮೇಲೆ "ಕಾಯಿಲೆ ಇದ್ದವರು ಮಾತ್ರ ಹಾಕಿ" ಅನ್ನೋದಕ್ಕೆ ಅರ್ಥವೇ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೂ ಬಟ್ಟೆ ಮಾಸ್ಕ್ ಸಲಹೆ ಕೊಟ್ಟಿದ್ದು 2020ರ ಜೂನ್ 5ಕ್ಕೆ. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದಲೂ ಹರಡುತ್ತೆ, ಒಪ್ಪಿಕೊಳ್ಳಿ ಅಂತ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದದ್ದು ಜುಲೈನಲ್ಲಿ. ಬಟ್ಟೆಯಿಂದ ಎನ್95 ಕಡೆಗೆ ಸಲಹೆ ವಾಲಿದ್ದರ ಹಿಂದೆ ಇದೂ ಇದೆ. ಲಸಿಕೆ ಆದವರು ತೆಗೀಬಹುದು ಅಂತ ಸಿಡಿಸಿ ಹೇಳಿದ್ದು 2021ರ ಮೇ 13ಕ್ಕೆ. ಆಮೇಲೆ ವೈರಸ್‌ನ ಡೆಲ್ಟಾ ಅನ್ನೋ ರೂಪಾಂತರ ಬಂತು, ಜುಲೈ 27ಕ್ಕೆ ಸೋಂಕು ಜಾಸ್ತಿ ಇರುವ ಕಡೆ ಒಳಾಂಗಣದಲ್ಲಿ ಮತ್ತೆ ಹಾಕಿ ಅಂದರು. ವೈರಸ್ಸೇ ಬದಲಾದಾಗ ಸಲಹೆ ಬದಲಾಗದೆ ಇರೋಕಾಗಲ್ಲ, ಅಲ್ವಾ?

ಲೆಕ್ಕದ ಮೇಷ್ಟ್ರು

ಯಜಮಾನರು ಹೇಳಿದ "ದೊಡ್ಡ ಸಂಶೋಧನೆ" 2023ರ ಜನವರಿಯಲ್ಲಿ ಬಂದ ಕಾಕ್ರೇನ್ ವಿಮರ್ಶೆ ಇರಬೇಕು. ಕಾಕ್ರೇನ್ ಅಂದರೆ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ. ಈ ವಿಮರ್ಶೆ ಹೊಸ ಪ್ರಯೋಗ ಅಲ್ಲ, ಹಳೆಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ್ದು. ಅದರಲ್ಲಿ ಹೆಚ್ಚಿನವು ಕೋವಿಡ್‌ಗಿಂತ ಮೊದಲಿನವು. "ಮಾಸ್ಕ್ ಕೆಲಸ ಮಾಡಲ್ಲ ಅಂತ ಕಾಕ್ರೇನ್ ಹೇಳಿದೆ" ಎಂದು ಸುದ್ದಿ ಹರಿದಾಡಿದಾಗ, ಕಾಕ್ರೇನ್‌ನ ಪ್ರಧಾನ ಸಂಪಾದಕಿಯೇ ಮಾರ್ಚ್‌ನಲ್ಲಿ, ಹಾಗೆ ಅರ್ಥ ಮಾಡಿಕೊಳ್ಳುವುದು ಸರಿಯಲ್ಲ, ಅದರಿಂದ ಖಚಿತ ತೀರ್ಮಾನ ಸಿಗುವುದಿಲ್ಲ ಅಂತ ಸ್ಪಷ್ಟಪಡಿಸಬೇಕಾಯ್ತು.

ಇಂಥ ಪ್ರಯೋಗಗಳು ಅಳೆಯೋದು "ಮಾಸ್ಕ್ ಹಾಕಿ ಅಂತ ಹೇಳಿದರೆ ಏನಾಗುತ್ತೆ" ಅನ್ನೋದನ್ನು. ಹೇಳಿಸಿಕೊಂಡವರೆಲ್ಲ ಹಾಕಲ್ಲವಲ್ಲ. ಡೆನ್ಮಾರ್ಕ್‌ನಲ್ಲಿ 2020ರಲ್ಲಿ ಸುಮಾರು 6,000 ಜನರ ಮೇಲೆ ನಡೆದ ಪ್ರಯೋಗ ತಗೊಳ್ಳಿ. ಮಾಸ್ಕ್ ಗುಂಪಿನಲ್ಲಿ 1.8% ಜನರಿಗೆ ಸೋಂಕು, ಇನ್ನೊಂದರಲ್ಲಿ 2.1%. ಅದೃಷ್ಟದಿಂದಲೂ ಅಷ್ಟು ವ್ಯತ್ಯಾಸ ಬರಬಹುದು, ಹಾಗಾಗಿ ಏನೂ ಸಾಬೀತಾಗಲಿಲ್ಲ. ಆದರೆ ಹೇಳಿದ ಹಾಗೇ ಮಾಸ್ಕ್ ಹಾಕಿದ್ದೇವೆ ಅಂದವರು 46% ಮಾತ್ರ. ಹಾಕಿದವರಿಂದ ಪಕ್ಕದವರಿಗೆ ಹರಡುವುದು ಕಮ್ಮಿ ಆಯ್ತಾ ಅನ್ನೋದನ್ನು ಅದು ನೋಡಲೇ ಇಲ್ಲ.

ಬಾಂಗ್ಲಾದೇಶದ್ದು ಇದಕ್ಕಿಂತ ದೊಡ್ಡದು. 600 ಹಳ್ಳಿ, 3.4 ಲಕ್ಷ ದಾಟಿದ ಜನ. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕ್ ಪುಕ್ಕಟೆ ಕೊಟ್ಟು, ಮತ್ತೆ ಮತ್ತೆ ನೆನಪಿಸಿದರು. ಸರಿಯಾಗಿ ಹಾಕುವವರು 13%ನಿಂದ 42%ಗೆ ಏರಿದರು. ಲಕ್ಷಣ ಕಂಡು, ರಕ್ತ ಪರೀಕ್ಷೆಯಲ್ಲೂ ಖಚಿತವಾದ ಸೋಂಕು ಸುಮಾರು 9% ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 11%, ಅಲ್ಲಿನ 60 ದಾಟಿದವರಲ್ಲಿ 35%. ಬಟ್ಟೆ ಮಾಸ್ಕ್‌ನ ಫಲಿತಾಂಶ ಮಾತ್ರ ಅಸ್ಪಷ್ಟ. ಅರ್ಧಕ್ಕಿಂತ ಜಾಸ್ತಿ ಜನ ಹಾಕದೇ ಇದ್ದಾಗಲೂ ಇಷ್ಟು ಅನ್ನೋದನ್ನು ಯಜಮಾನರಿಗೆ ತೋರಿಸಿ. ಪವಾಡ ಅಲ್ಲ, ಸೊನ್ನೆಯೂ ಅಲ್ಲ.

ಅಂದಹಾಗೆ ಈ ಜಗಳ ನಮ್ಮ ಕಾಲದ್ದೂ ಅಲ್ಲ. 1910-11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂದಾಗ, ಇದು ಉಸಿರಿನಿಂದ ಹರಡುತ್ತೆ ಅಂತ ಡಾ. ವು ಲಿಯೆನ್-ಟೆ ಹತ್ತಿ ಮತ್ತು ಗಾಜ್ ಬಟ್ಟೆಯ ಮಾಸ್ಕ್ ಹಾಕಿಸಿದರು. ಅವರ ಮಾತು ನಂಬದ ಫ್ರೆಂಚ್ ವೈದ್ಯರೊಬ್ಬರು ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿ, ಅದೇ ಪ್ಲೇಗ್‌ಗೆ ತೀರಿಹೋದರು. 1919ರಲ್ಲಿ, ಫ್ಲೂ ಸಾಂಕ್ರಾಮಿಕದ ಸಮಯದಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಸ್ಕ್ ವಿರೋಧಿಗಳು ಸಂಘವನ್ನೇ ಕಟ್ಟಿದ್ದರು.

ತಕರಾರು ತಿಮ್ಮ

ಮೇಷ್ಟ್ರೇ, 9% ಅಂದ್ರೆ ನನಗೇನೂ ರೋಮಾಂಚನ ಆಗಲಿಲ್ಲ. ಆದ್ರೂ ಸೊನ್ನೆ ಅಂತ ಇನ್ನು ಹೇಳಲ್ಲ ಬಿಡಿ.

ಕನ್ನಡಕದವಳು

ಎಲ್ಲರಿಗೂ ಥ್ಯಾಂಕ್ಸ್. ತಂತಿ ಎರಡು ಕೈಯಲ್ಲಿ ಒತ್ತಿ ನೋಡಿದೆ, ಮಂಜು ತುಂಬಾ ಕಮ್ಮಿ ಆಯ್ತು. ಬಾಂಗ್ಲಾದೇಶದ ಲೆಕ್ಕ ನಮ್ಮ ಯಜಮಾನರಿಗೆ ಓದಿ ಹೇಳಿದೆ. "ಹಳ್ಳಿ ಬೇರೆ, ಮನೆ ಬೇರೆ" ಅಂದರು. ಅವರ ಜೊತೆ ಆಮೇಲೆ ನೋಡ್ಕೋತೀನಿ.

ಈಗ ಅವಸರದ ಪ್ರಶ್ನೆ ಇದು. ಹಾಕಬೇಕಾದ್ದು ಅತ್ತೆಯಾ, ಮಗನಾ? ಮನೆಯಲ್ಲಿ ಮುಂದುಗಡೆ ವಾಲ್ವ್ ಇರುವ ಎನ್95 ಒಂದಿದೆ, ಅದು ಆಗುತ್ತಾ? ಅತ್ತೆಗೆ ಕಿವಿ ಸ್ವಲ್ಪ ಮಂದ. ತುಟಿ ನೋಡಿಯೇ ಅರ್ಥ ಮಾಡಿಕೊಳ್ಳೋದು. ಹಾಗಾಗಿ ಮಾತಾಡುವಾಗ ಇವನು ಮಾಸ್ಕ್ ಕೆಳಗೆ ಎಳೀತಾನೆ.

ಧೂಳಿನ ಮನುಷ್ಯ

ಮೊದಲು ಮಗ. ವಾಲ್ವ್ ಇರುವುದು ಅವನಿಗೆ ಬೇಡವೇ ಬೇಡ. ಒಳಗೆ ಬರೋ ಗಾಳಿಯನ್ನು ಅದು ಸೋಸುತ್ತೆ, ಹೊರಗೆ ಬಿಡೋದನ್ನು ಸೋಸದೆ ಬಿಡುತ್ತೆ. ಧೂಳಿನಲ್ಲಿ ಕೆಲಸ ಮಾಡುವವನಿಗೆ ಅದು ಸರಿ, ಕೆಮ್ಮುವವನಿಗಲ್ಲ. ಎನ್95 ಬೇರೆ ಇಲ್ಲದಿದ್ದರೆ ಸರ್ಜಿಕಲ್ ಹಾಕಿಸಿ. ಕಿವಿಯ ದಾರವನ್ನು ಮಾಸ್ಕ್‌ನ ಅಂಚಿನ ಹತ್ತಿರವೇ ಗಂಟು ಹಾಕಿ, ಬದಿಯಲ್ಲಿ ಉಬ್ಬಿದ ಭಾಗವನ್ನು ಒಳಗೆ ಮಡಚಿದರೆ ಕೆನ್ನೆ ಸಂದಿ ಮುಚ್ಚುತ್ತೆ. ಮಾತಾಡುವಾಗಲೇ ಬಾಯಿಂದ ಹನಿ ಜಾಸ್ತಿ ಬರೋದು, ಆಗಲೇ ಕೆಳಗೆ ಎಳೆದರೆ ಹಾಕಿದ್ದು ದಂಡ. ಹೇಳಬೇಕಾದ್ದನ್ನು ಫೋನಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸಲಿ, ಇಲ್ಲ ಪಕ್ಕದ ರೂಮಿನಿಂದ ವಿಡಿಯೊ ಕಾಲ್ ಮಾಡಲಿ. ಅದರಲ್ಲಿ ತುಟಿಯೂ ಕಾಣುತ್ತೆ.

ವಾರ್ಡ್ ಡ್ಯೂಟಿ

ಅತ್ತೆಗೆ ಎನ್95 ಹಾಕಿಸೋ ಮೊದಲು ಅವರನ್ನು ನೋಡುವ ಡಾಕ್ಟರಿಗೆ ಒಂದು ಮಾತು ಕೇಳಿ. ಉಸಿರು ಎಳೆಯೋಕೆ ಅದರಲ್ಲಿ ಸ್ವಲ್ಪ ಜಾಸ್ತಿ ಶ್ರಮ ಬೇಕು. ರೂಮಿನ ಕಿಟಕಿ ತೆಗೆದಿಡಿ. ಜ್ವರ ಇಳಿಯೋವರೆಗೂ ಮೊಮ್ಮಗ ಆ ರೂಮಿನಲ್ಲಿ ಕೂತು ಹರಟೆ ಹೊಡೆಯೋದು ಬೇಡ. ಅತ್ತೆಗೆ ಜ್ವರ ಬಂದರೆ, ಉಸಿರಾಟ ಮಾಮೂಲಿಗಿಂತ ಕಷ್ಟ ಅನ್ನಿಸಿದರೆ, ಇಲ್ಲಿ ಕೇಳ್ತಾ ಕೂರಬೇಡಿ, ತಕ್ಷಣ ಕರ್ಕೊಂಡು ಹೋಗಿ.