ಕಾಲಲ್ಲಿ ತುಳಿದು ತರುವ ಸದ್ದು: ‘ನುಡಿಸು’ ಅನ್ನೋಣವೇ, ‘ಹಾಕು’ ಅನ್ನೋಣವೇ?

ಗೆಳೆಯರೇ,

ನಾಟಕಕ್ಕೆ ಸಂಗೀತ ಕೊಡುವ ಹುಡುಗ ಹುಡುಗಿಯರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡೂ ಕೈ ಗಿಟಾರಿನ ಮೇಲೋ ಕೀಬೋರ್ಡಿನ ಮೇಲೋ ಇರುತ್ತವೆ. ಅದೇ ಹೊತ್ತಿಗೆ ಗುಡುಗು ಬೇಕು, ರೈಲು ಬೇಕು, ಗುಡಿಯ ಗಂಟೆ ಬೇಕು. ಇವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು, ರಂಗದ ಮೇಲೆ ಕಾಲಲ್ಲಿ ಪೆಡಲ್ ತುಳಿದು ತರುತ್ತಾರೆ. ಈ ಅಧ್ಯಾಯಕ್ಕೆ ಬಂದು ನನ್ನ ಬರವಣಿಗೆ ನಿಂತಿದೆ.

ಸಾಮಾನುಗಳ ಹೆಸರಿನ ಚಿಂತೆಯಿಲ್ಲ. ಪೆಡಲ್, ಸ್ವಿಚ್, ಪ್ಯಾಡ್ ಎಲ್ಲ ಈಗ ಕನ್ನಡವೇ. ರೋಲ್ಯಾಂಡ್ ಕಂಪನಿ 1985ರಲ್ಲಿ ಆಕ್ಟಾಪ್ಯಾಡ್ ಎಂಬ, ಕೋಲಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ಪ್ಯಾಡ್ ತಂದಿತು. ಇವತ್ತಿಗೂ ನಮ್ಮ ಆರ್ಕೆಸ್ಟ್ರಾಗಳಲ್ಲಿ ಬೇರೆ ಬೇರೆ ರಿದಮ್ ಪ್ಯಾಡ್‌ಗಳಿಗೂ ಅದೇ ಹೆಸರು ನಡೆಯುತ್ತದೆ. ತೊಡಕಿರುವುದು ಕ್ರಿಯಾಪದದಲ್ಲಿ.

ವೀಣೆ ನುಡಿಸುತ್ತೇವೆ, ತಂತಿ ಮೀಟುತ್ತೇವೆ, ಕೊಳಲು ಊದುತ್ತೇವೆ, ತಮಟೆ ಬಡಿಯುತ್ತೇವೆ. ಧಾರವಾಡದ ಕಡೆ ಪೇಟಿ (ಹಾರ್ಮೋನಿಯಂ) ಬಾರಿಸುತ್ತಾರೆ. ರೆಕಾರ್ಡ್ ಆಗಿರುವುದಕ್ಕೆ ಮಾತ್ರ ಬೇರೆ ಪದ: ಕ್ಯಾಸೆಟ್ ಹಾಕು, ಹಾಡು ಹಾಕು. ‘ನುಡಿಸು’ ಅಂದಾಗ ಒಬ್ಬರು ಅಲ್ಲೇ ಕೂತು ಆ ಸದ್ದನ್ನು ಹುಟ್ಟಿಸುತ್ತಿದ್ದಾರೆ. ‘ಹಾಕು’ ಅಂದಾಗ ಸದ್ದು ಹುಟ್ಟಿ ಆಗಿದೆ, ನಾವು ಬರೀ ಕೇಳಿಸುತ್ತಿದ್ದೇವೆ. ಕನ್ನಡ ಇವೆರಡನ್ನು ಇಷ್ಟು ಚೆನ್ನಾಗಿ ಬೇರೆ ಮಾಡಿರುವಾಗ, ಪೆಡಲ್ ತುಳಿದು ತರುವ ಗುಡುಗು ಯಾವ ಕಡೆಗೆ ಸೇರಬೇಕು?

ಕೆನಡಾದ ರಶ್ ಬ್ಯಾಂಡನ್ನು ನೆನೆಸಿಕೊಳ್ಳಿ. ರಂಗದ ಮೇಲೆ ಮೂವರೇ ಇರುತ್ತಿದ್ದರು. ಗೆಡ್ಡಿ ಲೀ ಬೇಸ್ ಗಿಟಾರ್ ಹಿಡಿದು ಹಾಡುತ್ತಿದ್ದರು. 1970ರ ದಶಕದ ಕೊನೆಯ ಹೊತ್ತಿಗೆ ಅವರ ಕಾಲಡಿಯಲ್ಲಿ ಮೂಗ್ ಟಾರಸ್ ಇತ್ತು. ಅದು ಕಾಲಲ್ಲಿ ತುಳಿಯುವ 13 ಮನೆಗಳ (ಕೀಗಳ) ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ. 1983ರಲ್ಲಿ ಮಿಡಿ (MIDI) ಬಂತು, ಅದು ಎಲೆಕ್ಟ್ರಾನಿಕ್ ವಾದ್ಯಗಳ ನಡುವಿನ ಸಂಕೇತಭಾಷೆ. ಒಂದು ವಾದ್ಯ ಇನ್ನೊಂದಕ್ಕೆ ‘ಈ ಸ್ವರ ಶುರು ಮಾಡು, ಈಗ ನಿಲ್ಲಿಸು’ ಎಂದು ಹೇಳುವುದು ಸಾಧ್ಯವಾಯಿತು. ಆಮೇಲೆ ಅದೇ ಥರದ ಕಾಲ್ಮನೆಗಳಿಂದ ರೆಕಾರ್ಡ್ ಆದ ಸದ್ದುಗಳೂ ಹೊರಡತೊಡಗಿದವು. ಟಾರಸ್ ತುಳಿದಾಗ ಅವರು ನುಡಿಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದು, ತುಳಿದಾಗ? ಕಾಲು ಅದೇ, ಲಯ ಅದೇ, ತಪ್ಪಿದರೆ ಆಗುವ ಮುಜುಗರವೂ ಅದೇ. ಅದನ್ನು ‘ಹಾಕಿದರು’ ಅಂದರೆ ಅನ್ಯಾಯ ಅಂತ ನನಗನಿಸುತ್ತದೆ.

ಎದುರು ವಾದವೂ ಇದೆ. ಪ್ಯಾಡಿಗೆ ಹೊಡೆದಾಗ ಎಷ್ಟು ಜೋರಾಗಿ ಹೊಡೆದಿರಿ ಎಂಬುದು ಮಿಡಿಯಲ್ಲಿ 1ರಿಂದ 127ರ ಒಳಗಿನ ಅಂಕಿಯಾಗಿ ಹೋಗುತ್ತದೆ. ಅದಕ್ಕೆ ಪ್ಯಾಡನ್ನು ಧೈರ್ಯವಾಗಿ ‘ಬಾರಿಸು’ ಅನ್ನಬಹುದು. ಸಾಮಾನ್ಯ ಕಾಲು ಸ್ವಿಚ್ಚಿಗೆ ಈ ಜೋರು ಮೆಲು ಗೊತ್ತಿಲ್ಲ. ತುಳಿದಿದ್ದಾರೆ, ಬಿಟ್ಟಿದ್ದಾರೆ, ಅಷ್ಟೇ.

ಸ್ವಿಚ್ಚಿನಲ್ಲೂ ಎರಡು ಜಾತಿ. ಒಂದು ಕಾಲಿಂಗ್ ಬೆಲ್ಲಿನಂತೆ, ಒತ್ತಿದಷ್ಟು ಹೊತ್ತು ಮಾತ್ರ ಆನ್. ಇನ್ನೊಂದು ಒಮ್ಮೆ ತುಳಿದರೆ ಆನ್, ಮತ್ತೊಮ್ಮೆ ತುಳಿದರೆ ಆಫ್. ಬಾಸ್ ಕಂಪನಿಯ ಎಫ್‌ಎಸ್-5ಯು ಮೊದಲನೆಯ ಜಾತಿ, ಎಫ್‌ಎಸ್-5ಎಲ್ ಎರಡನೆಯದು. ನೋಡಲು ಒಂದೇ ಥರ, ಆದ್ದರಿಂದ ಕೊಳ್ಳುವಾಗ ಹುಡುಗರು ಜಾಸ್ತಿ ಎಡವುವುದು ಇಲ್ಲೇ. ನನ್ನ ಪ್ರಕಾರ ಕ್ರಿಯಾಪದವನ್ನು ಆರಿಸಬೇಕಾದ್ದು ಸದ್ದಿನ ಮೇಲೆ ಕಾಲಿನ ಹಿಡಿತ ಎಷ್ಟಿದೆ ಅನ್ನುವುದನ್ನು ನೋಡಿ. ಕಾಲು ಇಟ್ಟಷ್ಟು ಹೊತ್ತು ಮಾತ್ರ ಸದ್ದು ಬರುತ್ತಿದ್ದರೆ ಅದು ‘ನುಡಿಸು’. ಒಮ್ಮೆ ತುಳಿದು ಕಾಲು ತೆಗೆದರೂ ಗುಡುಗು ತನ್ನ ಪಾಡಿಗೆ ಕೊನೆತನಕ ಓಡಿದರೆ ‘ಹೊರಡಿಸು’. ಮಳೆಯ ಸದ್ದು ಸುತ್ತಿ ಸುತ್ತಿ ಬರುತ್ತಲೇ ಇದ್ದು, ಇನ್ನೊಮ್ಮೆ ತುಳಿದಾಗ ನಿಲ್ಲುವುದಾದರೆ ‘ಹಾಕು, ನಿಲ್ಲಿಸು’ ಸಾಕು.

‘ಹೊರಡಿಸು’ ಯಾಕೆ? ಬೇರೆ ಪದಗಳನ್ನೂ ತೂಗಿ ನೋಡಿದೆ. ಇಂಗ್ಲಿಷಿನವರು ಇದಕ್ಕೆ ಟ್ರಿಗರ್ ಅನ್ನುತ್ತಾರೆ. ಬಂದೂಕಿನ ಆ ಭಾಗಕ್ಕೆ ನಮ್ಮಲ್ಲಿ ‘ಕುದುರೆ’ ಅನ್ನುವ ಹಳೆಯ ಹೆಸರಿದೆ. ಆದರೆ ವೀಣೆ, ಪಿಟೀಲುಗಳಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಭಾಗವೂ ಕುದುರೆಯೇ. ಸಂಗೀತದವರ ಮುಂದೆ ಅದನ್ನು ತರುವುದು ಬೇಡ. ‘ಬಿಡು’ ಮೊದಲು ಬಹಳ ಹಿಡಿಸಿತ್ತು. ಬಾಣ ಬಿಡುತ್ತೇವೆ, ಗಾಳಿಪಟ ಬಿಡುತ್ತೇವೆ, ಕಾಲುವೆಗೆ ನೀರು ಬಿಡುತ್ತೇವೆ. ಕಟ್ಟಿಟ್ಟದ್ದನ್ನು ಹೋಗಗೊಡುವ ಅರ್ಥ ಎಷ್ಟು ಸೊಗಸು! ಆದರೆ ಪೆಡಲಿನಿಂದ ಕಾಲೆತ್ತುವುದಕ್ಕೂ ಅದೇ ಪದ ಬೇಕಲ್ಲ? ‘ಗುಡುಗು ಬಿಡಲು ತುಳಿದು ಬಿಡಿ’ ಅಂತ ಬರೆದರೆ ಓದುವವರು ಕಾಲು ಇಡಬೇಕೋ ತೆಗೆಯಬೇಕೋ? ‘ತುಳಿದುಬಿಡಿ’ ಅಂತ ಕೂಡಿಸಿ ಓದಿದರೆ ಅರ್ಥವೇ ಬೇರೆ. ‘ಸದ್ದು ಹೊರಡಿಸು’ ಅನ್ನುವಲ್ಲಿ ಈ ಗೊಂದಲವಿಲ್ಲ. ಅದು ಹೊಸದಾಗಿ ಕಟ್ಟಿದ ಪದವೂ ಅಲ್ಲ.

ಸ್ಯಾಂಪಲ್‌ಗೆ ‘ಮಾದರಿ’ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಇಟ್ಟಿರುತ್ತಾರಲ್ಲ, ಆ ಒಂದೊಂದು ಅಳತೆಯೂ ಸ್ಯಾಂಪಲ್ಲೇ. ‘ಮಾದರಿ’ ಅಲ್ಲಿಗೆ ಸರಿ. ಗುಡುಗಿನ ರೆಕಾರ್ಡಿಂಗು ಏನಕ್ಕೂ ಮಾದರಿಯಲ್ಲ, ಅದು ‘ಸದ್ದಿನ ತುಣುಕು’. ಕೈ ಬಳಸದೆ ಅನ್ನುವುದಕ್ಕೆ ‘ಕೈಬಿಟ್ಟು’ ಅಂತ ಯಾರೋ ಸೂಚಿಸಿದ್ದರು. ಅದು ತೊರೆಯುವ ಅರ್ಥಕ್ಕೆ ಹೋಗುತ್ತದೆ. ‘ಕಾಲಲ್ಲೇ’ ಅಂದರೆ ಮುಗಿಯಿತು ಅಲ್ವಾ?

ಇನ್ನು ನಿಮ್ಮಿಂದ ಬೇಕಾದದ್ದು. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂನಲ್ಲಿ ಎರಡೂ ಕೈ ಮನೆಗಳ ಮೇಲೆ, ಗಾಳಿ ಹಾಕುವ ಕೆಲಸ ಕಾಲಿನದು. ಆ ಕೆಲಸಕ್ಕೆ ಕಂಪನಿಯವರು ‘ತುಳಿ’ ಅನ್ನುತ್ತಿದ್ದರೋ ‘ಒತ್ತು’ ಅನ್ನುತ್ತಿದ್ದರೋ? ಹತ್ತಿರದಿಂದ ಕಂಡವರು ಹೇಳಿ. ಗುಂಡಿ ಮಗ್ಗದಲ್ಲಿ ನೇಕಾರರು ಕಾಲಲ್ಲಿ ಆಡಿಸುವ ಹಲಗೆಗೆ ನಿಮ್ಮ ಊರಿನಲ್ಲಿ ಏನು ಹೆಸರು? ಸಾಲಾಗಿ ಜೋಡಿಸಿದ ಹತ್ತು ಸ್ವಿಚ್ಚಿನ ಪೆಡಲ್ ಬೋರ್ಡಿಗೆ ಅದು ಹೊಂದಬಹುದು. ಆರ್ಕೆಸ್ಟ್ರಾದಲ್ಲಿ ಇರುವವರಿಗೆ ಇನ್ನೊಂದು ಪ್ರಶ್ನೆ. ಹಾಡಿನ ನಡುವೆ ಪ್ಯಾಡಿನವರಿಗೆ ಸನ್ನೆ ಮಾಡಿ ನೀವು ಹೇಳುವುದು ‘ಹಾಕು’ ಅಂತಲೋ, ‘ಹೊಡಿ’ ಅಂತಲೋ, ‘ಬಿಡು’ ಅಂತಲೋ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ. ಮಂಗಳೂರಿನ ಕಡೆಯ ಬಳಕೆ ಹುಬ್ಬಳ್ಳಿಯದಕ್ಕಿಂತ ಬೇರೆ ಇದ್ದರೆ ಕೈಪಿಡಿಯಲ್ಲಿ ಎರಡನ್ನೂ ಕೊಡುತ್ತೇನೆ.