ಅಕ್ಷರ ದೊಡ್ಡದು ಮಾಡೋದಾ, ಕಿವಿಗೆ ಕೊಡೋದಾ?

ಕೇಳಿದವರು, ಹೊಸನಗರ ಕಡೆಯಿಂದ

ನನಗೆ 46 ವರ್ಷ. ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷದಿಂದ ನೋಟದ ನಡುಭಾಗ ಮಸುಕಾಗುತ್ತಾ ಬಂದಿದೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಕನ್ನಡಕ ಬದಲಿಸಿ ಪ್ರಯೋಜನ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಕಂಪ್ಯೂಟರಿನಲ್ಲಿ ಪರದೆ ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯರ್ ಶೇ. 400ಕ್ಕೆ ಇಟ್ಟು ಹೇಗೋ ನಡೆಸುತ್ತಿದ್ದೇನೆ. ಮಧ್ಯಾಹ್ನಕ್ಕೆ ಕುತ್ತಿಗೆ ಹಿಡಿಯುತ್ತದೆ, ಸಂಜೆಗೆ ತಲೆನೋವು. ಪರದೆಯಲ್ಲಿ ಇರುವುದನ್ನು ಓದಿ ಹೇಳುವ, ಮಾತಾಡುವ ಸಾಫ್ಟ್‌ವೇರ್ ಕಲಿಯಿರಿ ಅಂತ ಒಬ್ಬರು ಹೇಳಿದರು. ಅದು ಪೂರ್ತಿ ಕಾಣದವರಿಗೆ ಅಲ್ವಾ? ಕನ್ನಡ ಓದುತ್ತದಾ? ದುಡ್ಡೆಷ್ಟು? ಬಳಸಿದವರು ಹೇಳಿ.

ಶಿವಮೊಗ್ಗದಿಂದ

ನಿಮ್ಮ ಪ್ರಶ್ನೆ ಓದಿದೆ. ಓದಿದೆ ಅಂದರೆ ಇಯರ್‌ಫೋನಿನಲ್ಲಿ ಕೇಳಿದೆ. ನನ್ನದೂ ನಿಮ್ಮದೇ ಕೇಸು, ನಡುಭಾಗ ಹೋದದ್ದು. ಹನ್ನೊಂದು ವರ್ಷ ಆಯಿತು.

ಮೊದಲ ಐದು ವರ್ಷ ನಾನು ಅಕ್ಷರ ದೊಡ್ಡದು ಮಾಡುತ್ತಲೇ ಹೋದೆ. 200 ಸಾಲದಾಯಿತು, 300 ಮಾಡಿದೆ. ಅದೂ ಸಾಲದಾಯಿತು, 500. ಮಾತಾಡುವ ಸಾಫ್ಟ್‌ವೇರ್ ಹಾಕಿಕೊಂಡರೆ ಕುರುಡ ಅಂತ ನಾನೇ ಸಹಿ ಹಾಕಿಕೊಟ್ಟ ಹಾಗೆ ಅನ್ನಿಸುತ್ತಿತ್ತು. ಆಗ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದೆ. ಒಂದು ದಿನ ಬೆಳೆಗಾರರೊಬ್ಬರ ಬಾಬ್ತು 150000 ಅಂತ ಇದ್ದದ್ದನ್ನು 15000 ಅಂತ ಓದಿದೆ. ಕಾಲಂನಲ್ಲಿ ಕಾಮಾ ಇರಲಿಲ್ಲ. ಕೊನೆಯ ಸೊನ್ನೆ ಪರದೆಯ ಅಂಚಿನಾಚೆ ಇತ್ತು. ಅವರು ಸಿಟ್ಟಾಗಲಿಲ್ಲ, ಪಾಪ. ಆದರೆ ಮಾರನೇ ದಿನದಿಂದ ನಾನು ಬರೆದ ಪ್ರತಿ ಪುಟವನ್ನೂ ಪಕ್ಕದ ಹುಡುಗ ಇನ್ನೊಮ್ಮೆ ನೋಡತೊಡಗಿದ. ನನಗೆ ಚುಚ್ಚಿದ್ದು ಅದು.

ಆಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಅಗಲದಲ್ಲಿ ಕಾಲುಭಾಗ, ಎತ್ತರದಲ್ಲೂ ಕಾಲುಭಾಗ. ಅಂದರೆ ಒಂದು ಸಲಕ್ಕೆ ಕಾಣುವುದು ಪರದೆಯ ಹದಿನಾರರಲ್ಲಿ ಒಂದು ಪಾಲು. ಉಳಿದ ಹದಿನೈದು ಪಾಲು ಎಲ್ಲೆಲ್ಲಿದೆ ಅಂತ ನೀವು ತಲೆಯಲ್ಲೇ ಇಟ್ಟುಕೊಂಡಿರಬೇಕು. ಬಾಗಿಲ ಸಂದಿಯಿಂದ ತೇರು ನೋಡಿದ ಹಾಗೆ. ನಿಮ್ಮ ಸಂಜೆಯ ತಲೆನೋವಿನಲ್ಲಿ ಅರ್ಧ ಈ ಹುಡುಕಾಟದ್ದೇ ಅಂತ ನನ್ನ ಅಂದಾಜು. ಕನ್ನಡಕ್ಕಂತೂ ಇಂಗ್ಲಿಷಿಗಿಂತ ಜಾಸ್ತಿ ಹಿಗ್ಗಿಸಬೇಕು. ಒತ್ತಕ್ಷರ ಚಿಕ್ಕದು ನೋಡಿ. ದ, ಧ, ಥ ಮೂರೂ ಒಂದೇ ಥರ ಕಾಣುತ್ತವೆ. ಪ, ಷ ಕೇಳಲೇಬೇಡಿ.

ನಾನು ಈಗ ಎರಡೂ ಬಳಸುತ್ತೇನೆ. ಎಲ್ಲಿದೆ ಅಂತ ಹುಡುಕುವುದು ಕಣ್ಣು, ಏನಿದೆ ಅಂತ ಓದುವುದು ಕಿವಿ. ಬಟನ್ ಎಲ್ಲಿ, ಟೇಬಲ್ ಎಷ್ಟು ದೊಡ್ಡದು, ಫೋಟೋದಲ್ಲಿ ಯಾರು ಅನ್ನುವುದಕ್ಕೆಲ್ಲ ಕಣ್ಣು. ನಾಲ್ಕು ಸಾಲಿಗಿಂತ ಉದ್ದದ ಬರಹ, ಎಲ್ಲಾ ಅಂಕಿಸಂಖ್ಯೆ ಕಿವಿಗೆ. ಹಾಗಾಗಿ "ಅದು ಪೂರ್ತಿ ಕಾಣದವರಿಗೆ ಅಲ್ವಾ" ಅನ್ನುವ ಮಾತನ್ನು ಮೊದಲು ಬಿಡಿ. ನಾನು ಅದೇ ಮಾತಿಗೆ ಐದು ವರ್ಷ ಕಳೆದೆ.

ದುಡ್ಡಿನ ವಿಷಯ. ಮಾತಾಡುವ ಸಾಫ್ಟ್‌ವೇರ್‌ಗಳಲ್ಲಿ ಎನ್‌ವಿಡಿಎ ಅಂತ ಒಂದಿದೆ, ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಶುರು ಮಾಡಿದವರಿಗೇ ಕಣ್ಣು ಕಾಣುವುದಿಲ್ಲ. ಅದರ ಜೊತೆಗೇ ಬರುವ ಇಸ್ಪೀಕ್ ದನಿಯಲ್ಲಿ ಕನ್ನಡ ಇದೆ. ದನಿ ಕೇಳಿದರೆ ಮೊದಲ ದಿನ ನಗು ಬರುತ್ತದೆ, ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಆದರೆ ವೇಗ ಏರಿಸಿದಾಗ ಕಲಸಿಹೋಗುವುದಿಲ್ಲ. ಇಂಪಾದ ದನಿಗಳು ವೇಗದಲ್ಲಿ ಮುಗ್ಗರಿಸುತ್ತವೆ. ದೊಡ್ಡದು ಮಾಡುವ ಜೂಮ್‌ಟೆಕ್ಸ್ಟ್, ಓದಿ ಹೇಳುವ ಜಾಸ್, ಎರಡೂ ಸೇರಿದ ಫ್ಯೂಷನ್ ಇವೆಲ್ಲ ಒಳ್ಳೆಯವೇ, ಆದರೆ ದುಬಾರಿ. ಜಾಸ್ ಅನ್ನು ಕೊಳ್ಳದೆ ಒಂದು ಸಲಕ್ಕೆ 40 ನಿಮಿಷ ನೋಡಬಹುದು, ಆಮೇಲೆ ಕಂಪ್ಯೂಟರನ್ನೇ ಮತ್ತೆ ಶುರು ಮಾಡಬೇಕು. ಮೊದಲೇ ಸಾಲ ಮಾಡಿ ಕೊಳ್ಳಲು ಹೋಗಬೇಡಿ.

ಮೊದಲ ವಾರಕ್ಕೆ ಇಷ್ಟು ಸಾಕು. ಕಂಟ್ರೋಲ್ ಕೀಲಿ ಒತ್ತಿದರೆ ಅದು ಬಾಯಿ ಮುಚ್ಚುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ಇನ್ಸರ್ಟ್ ಮತ್ತು ಕೆಳಬಾಣ ಒಟ್ಟಿಗೆ ಒತ್ತಿದರೆ ಅಲ್ಲಿಂದ ಮುಂದೆ ಪೂರ್ತಿ ಓದುತ್ತಾ ಹೋಗುತ್ತದೆ. ಅಂಕಿಯ ಮೇಲೆ ಎಡಬಲ ಬಾಣ ಒತ್ತುತ್ತಾ ಹೋಗಿ: ಒಂದು, ಐದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಅಂಚಿನಾಚೆ ಏನೂ ತಪ್ಪಿಸಿಕೊಳ್ಳುವುದಿಲ್ಲ. ನಮ್ಮಂಥ ಅರ್ಧ ಕಾಣುವವರಿಗೆ ಇನ್ನೊಂದು ಅನುಕೂಲ ಇದೆ, ಮೌಸ್ ಯಾವುದರ ಮೇಲೆ ಹೋಗುತ್ತದೋ ಅದನ್ನು ಓದಿ ಹೇಳುತ್ತದೆ. ಇನ್ಸರ್ಟ್ ಜೊತೆ ಎಂ ಒತ್ತಿ ಬೇಡವಾದಾಗ ನಿಲ್ಲಿಸಬಹುದು. ವಿಷನ್ ಸೆಟ್ಟಿಂಗ್ಸ್‌ನಲ್ಲಿ ವಿಷುವಲ್ ಹೈಲೈಟ್ ಹಾಕಿದರೆ ಈಗ ಎಲ್ಲಿದ್ದೀರಿ ಅಂತ ಚೌಕಟ್ಟು ಎಳೆದು ತೋರಿಸುತ್ತದೆ.

ಬ್ರೌಸರಿನಲ್ಲಿ ಮ್ಯಾಗ್ನಿಫೈಯರ್ ಬದಲು ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ನೋಡಿ. ಹೆಚ್ಚಿನ ಪುಟಗಳಲ್ಲಿ ಸಾಲುಗಳು ಪರದೆಯೊಳಗೇ ಮಡಚಿಕೊಳ್ಳುತ್ತವೆ, ಅಡ್ಡಡ್ಡ ಓಡಾಡುವ ಗೋಳು ಕಡಿಮೆ. ನನ್ನ ಕುತ್ತಿಗೆ ನೋವು ಅರ್ಧ ಇಳಿದದ್ದು ಇದರಿಂದಲೇ.

ಸಾಗರದಿಂದ

ಮೇಲಿನವರು ಹೇಳಿದ್ದು ನಡುಭಾಗ ಹೋದವರಿಗೆ ಸರಿ. ನನ್ನದು ಆರ್‌ಪಿ, ಅಂದರೆ ಅಂಚಿನ ನೋಟ ಹೋಗಿ ನಡುವೆ ಒಂದು ಕಿಂಡಿ ಉಳಿದಿರುವುದು. ನಮಗೆ ದೊಡ್ಡದು ಮಾಡಿದಷ್ಟೂ ತೊಂದರೆ ಜಾಸ್ತಿ. ಒಂದೇ ಅಕ್ಷರ ಕಿಂಡಿ ತುಂಬಾ ಕೂರುತ್ತದೆ, ಪದ ಆಗುವುದೇ ಇಲ್ಲ. ನನಗೆ ಸಹಾಯ ಆದದ್ದು ಬಣ್ಣ ತಿರುಗಿಸಿದ್ದು. ಮ್ಯಾಗ್ನಿಫೈಯರ್ ತೆರೆದು ಕಂಟ್ರೋಲ್, ಆಲ್ಟ್, ಐ ಒತ್ತಿ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಮಳೆಗಾಲದಲ್ಲಿ ನಮ್ಮ ನಡುಮನೆ ಹಗಲಿಗೇ ಕತ್ತಲೆ ಅಲ್ವಾ, ಆ ಕತ್ತಲೆಯಲ್ಲಿ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತಿತ್ತು. ಇನ್ನೊಬ್ಬರ ಸೆಟ್ಟಿಂಗ್ ಹಾಗೇ ನಕಲು ಮಾಡಬೇಡಿ. ಕಣ್ಣಾಸ್ಪತ್ರೆಯಲ್ಲಿ ಲೋ ವಿಷನ್ ವಿಭಾಗ ಇದೆಯಾ ಅಂತ ಕೇಳಿ ಅಲ್ಲಿ ತೋರಿಸಿ. ನಡುಭಾಗ ಹೋದವರಿಗೆ ಸ್ವಲ್ಪ ಓರೆಯಾಗಿ ನೋಡುವುದನ್ನು ಅಭ್ಯಾಸ ಮಾಡಿಸುತ್ತಾರೆ.

ತೀರ್ಥಹಳ್ಳಿಯಿಂದ, ನಿವೃತ್ತ ಮೇಷ್ಟ್ರು

ಕನ್ನಡ ಓದುತ್ತದಾ ಅಂತ ಕೇಳಿದಿರಿ. ಓದುತ್ತದೆ, ಕನ್ನಡ ಯೂನಿಕೋಡಿನಲ್ಲಿ ಇದ್ದರೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಯಲ್ಲಿ. ಇಲ್ಲೇ ಇರುವುದು ನಮ್ಮ ಕಚೇರಿಗಳ ಕತೆ.

ನನಗೆ ಒಂದು ಸುತ್ತೋಲೆ ಬಂತು. ಕಣ್ಣಿಗೆ ಅಚ್ಚ ಕನ್ನಡ. ಎನ್‌ವಿಡಿಎ ಅದನ್ನು ಬಾಯಿಗೆ ಬಂದ ಹಾಗೆ ಬಡಬಡಿಸಿತು. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಮೂರು ಸಲ ಅಳಿಸಿ ಮತ್ತೆ ಹಾಕಿದೆ. ಆಮೇಲೆ ಮೊಮ್ಮಗಳು ಹೇಳಿದಳು, ಅದು ಹಳೇ ನುಡಿ ಫಾಂಟ್. ಅದರಲ್ಲಿ 'ಕನ್ನಡ' ಅಂತ ಬರೆದರೆ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಏನು ಗೊತ್ತಾ? ಪಿ, ತಲೆಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಓದುವ ಸಾಫ್ಟ್‌ವೇರಿಗೆ ವೇಷ ಕಾಣುವುದಿಲ್ಲ, ಒಳಗಿನದ್ದನ್ನೇ ಓದುತ್ತದೆ. 'ಬರಹ' ಸಾಫ್ಟ್‌ವೇರಿನ ಹಳೇ ಕಡತಗಳದ್ದೂ ಇದೇ ಪಾಡು.

ಇಂಥ ಹಳೇ ಫಾಂಟಿನ ಬರವಣಿಗೆಯನ್ನು (ಆಸ್ಕಿ ಅನ್ನುತ್ತಾರೆ) ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕಿವಿಗೊಟ್ಟು ತಪ್ಪು ನೋಡಿ. ಇನ್ನು ಮುಂದೆ ನೀವು ಟೈಪ್ ಮಾಡುವುದನ್ನಾದರೂ ಯೂನಿಕೋಡಿನಲ್ಲೇ ಮಾಡಿ. ಈಗಿನ ನುಡಿಯಲ್ಲೂ ಆ ಆಯ್ಕೆ ಇದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ. ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಎತ್ತಿಕೊಡುತ್ತದೆ. ಟೇಬಲ್ ಇದ್ದರೆ ಮಾತ್ರ ಚೆಲ್ಲಾಪಿಲ್ಲಿ.

ಶಂಕರಘಟ್ಟದಿಂದ, ವಿದ್ಯಾರ್ಥಿನಿ

ಅಂಕಲ್, ಫೋನಿನಿಂದ ಶುರು ಮಾಡಿ, ಸುಲಭ. ಆಂಡ್ರಾಯ್ಡ್ ಆದರೆ ಆಕ್ಸೆಸಿಬಿಲಿಟಿಯಲ್ಲಿ ಸೆಲೆಕ್ಟ್ ಟು ಸ್ಪೀಕ್ ಇದೆ. ಮುಟ್ಟಿದ್ದನ್ನು ಮಾತ್ರ ಓದುತ್ತದೆ. ಗೂಗಲ್‌ನ ಕನ್ನಡ ದನಿ ಕೇಳಲು ಚೆನ್ನಾಗಿದೆ. ಇಡೀ ಫೋನನ್ನೇ ಓದಿ ಹೇಳುವ ಟಾಕ್‌ಬ್ಯಾಕ್ ಆಮೇಲೆ ಕಲಿಯಿರಿ, ಅದು ಹಾಕಿದರೆ ಮುಟ್ಟುವ ರೀತಿಯೇ ಬದಲಾಗುತ್ತದೆ. ಒಂದು ಸಲ ತಟ್ಟಿದರೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ನಮ್ಮಮ್ಮ ಗೊತ್ತಿಲ್ಲದೆ ಹಾಕಿ ಇಡೀ ದಿನ ಫೋನ್ ಕೆಟ್ಟಿದೆ ಅಂದುಕೊಂಡಿದ್ದರು.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ದರೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಮೀಸಲಾತಿಯಂಥ ಸವಲತ್ತಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು. ಡಿಪಾರ್ಟ್‌ಮೆಂಟ್ ಪರೀಕ್ಷೆ ಏನಾದರೂ ಬರೆಯುವುದಿದ್ದರೆ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವನ್ನೂ ಕೇಳಿ. ನಾನು ಮೊದಲ ಸೆಮಿಸ್ಟರಿನಲ್ಲಿ ಕೇಳಲು ನಾಚಿಕೊಂಡು ಎರಡು ಪ್ರಶ್ನೆ ಬಿಟ್ಟುಬಂದೆ.

ಮತ್ತೆ ಶಿವಮೊಗ್ಗದಿಂದ

ಒಂದು ಹೇಳುವುದು ಬಿಟ್ಟಿದ್ದೆ. ನಿಮ್ಮ ಆಫೀಸಿಗೆ ಶೀಟಿನ ಮಾಡಾ? ಜುಲೈನಲ್ಲಿ ಮಳೆ ಹೊಡೆಯುವಾಗ ಸ್ಪೀಕರಿನಿಂದ ಏನೂ ಕೇಳುವುದಿಲ್ಲ. ವಯರ್ ಇರುವ ಇಯರ್‌ಫೋನ್ ಇಟ್ಟುಕೊಳ್ಳಿ. ಬ್ಲೂಟೂತ್‌ನಲ್ಲಿ ದನಿ ಚೂರು ತಡವಾಗಿ ಬರುತ್ತದೆ, ಕೀಲಿ ಒತ್ತಿದ್ದಕ್ಕೂ ಕೇಳಿದ್ದಕ್ಕೂ ತಾಳ ತಪ್ಪುತ್ತದೆ. ಒಂದೇ ಕಿವಿಗೆ ಹಾಕಿ. ಇನ್ನೊಂದು ಕೌಂಟರಿಗೆ ಬಂದವರಿಗೆ.

ಕೇಳಿದವರು, ಹನ್ನೆರಡು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಎನ್‌ವಿಡಿಎ ಹಾಕಿದೆ. ಮೊದಲ ದಿನ ಕಂಟ್ರೋಲ್ ಕೀಲಿ ಸವೆದುಹೋಗುವಷ್ಟು ಒತ್ತಿದೆ. ಮ್ಯಾಗ್ನಿಫೈಯರ್ 400ರಿಂದ 250ಕ್ಕೆ ಇಳಿದಿದೆ, ತಲೆನೋವು ಇನ್ನೂ ಇದೆ, ಆದರೆ ಐದು ಗಂಟೆಯ ಮೇಲೆ. ಅಂಕಿ ಕಿವಿಯಲ್ಲಿ ಕೇಳುವುದು ನಿಜಕ್ಕೂ ಒಳ್ಳೆಯದು. ಇಯರ್‌ಫೋನ್ ನೋಡಿ ಸೆಕ್ರೆಟರಿ "ಕೆಲಸದ ಹೊತ್ತಲ್ಲಿ ಎಂತ ಹಾಡು ಮಾರಾಯ್ರೆ" ಅಂದರು. ಅವರ ಕಿವಿಗೇ ಇಟ್ಟು ಸಾಲದ ಲೆಡ್ಜರ್ ಕೇಳಿಸಿದೆ. ಏನೂ ಅರ್ಥ ಆಗಲಿಲ್ಲ ಅಂದರು, ಆದರೆ ಆಮೇಲೆ ಕೇಳಲಿಲ್ಲ.

ಮೇಷ್ಟ್ರೇ, ನಮ್ಮಲ್ಲಿ ನಡಾವಳಿ ಎಲ್ಲಾ ನುಡಿಯಲ್ಲೇ ಇದೆ, ಹದಿನೈದು ವರ್ಷದ್ದು. ಒಂದೊಂದೇ ಕಡತ ಬದಲಿಸಬೇಕಾ, ಒಟ್ಟಿಗೆ ಮಾಡುವ ದಾರಿ ಇದೆಯಾ? ಮೊಮ್ಮಗಳನ್ನು ಕೇಳಿ ಹೇಳುತ್ತೀರಾ?